ಹನ್ನೊಂದಾದ ಮೇಲೆ ಎಂಟು

ಖಾನಾಪುರ
೧೮ ಜುಲೈ ೨೦೦೦

ತ್ರಿಶಲಾ, ಜಯ ಜಿನೇಂದ್ರ.

ನಾನೂ ನಿನ್ನ ಅವ್ವನೂ ಆರಾಮ ಇದ್ದೇವೆ. ಮಳೆ ಹಿಡಿದು ಕೂತಿದೆ. ಟಾಕೀಜಿನ ಬಾಲ್ಕನಿ ಮೂರು ಕಡೆ ಸೋರುತ್ತಿದೆ. ಮಾಲಕರಿಗೆ ಹೇಳಿದರೆ, ಸೋರುವ ಕುರ್ಚಿಗಳಿಗೆ ಟಿಕೆಟ್ ಹರಿಯಬೇಡಿರಿ ಎನ್ನುತ್ತಾರೆ. ಕ್ಷೇಮ ಸಮಾಚಾರ ಇಷ್ಟೇ. ಈಗ ಮುಖ್ಯ ಮಾತಿಗೆ ಬರುತ್ತೇನೆ.

ಬೆಳಗಾವಿ ಏನು ಕಾಶಿಯಲ್ಲ. ಬಸ್ಸಿನಲ್ಲಿ ಕೂತರೆ ಒಂದು ತಾಸು. ಆದರೂ ನೀನು ನಾಲ್ಕು ವಾರದಿಂದ ಮನೆಗೆ ಬಂದಿಲ್ಲ. ಕೇಳಿದರೆ ಪ್ರಾಕ್ಟಿಕಲ್ ಎನ್ನುತ್ತೀ. ಎಂಟನೇ ತಾರೀಖು ಶನಿವಾರ ಟಾಕೀಜಿನ ಆಫೀಸಿನಿಂದ ನಿನ್ನ ಸದಾಶಿವನಗರದ ಮನೆಯೊಡತಿ ಪ್ರಮಿಳಾ ಬಾಯಿಯವರಿಗೆ ಫೋನು ಮಾಡಿದ್ದೆ. ಮುಂಜಾನೆ ಹತ್ತಕ್ಕೆ ಹೋದವಳು ಇನ್ನೂ ಬಂದಿಲ್ಲ ಎಂದರು. ಆಗ ಮಧ್ಯಾಹ್ನ ಮೂರೂವರೆ. ಎರಡು ದಿನಕ್ಕೆ ನಿನ್ನ ಕಾರ್ಡು ಬಂತು. ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗಿದ್ದೆ, ಕಾಲದ ಯಂತ್ರದ ಇಂಗ್ಲಿಷ್ ಚಿತ್ರ, ಹಿಂದಿ ಮಾತು ಹಾಕಿದ್ದಾರೆ ಎಂದು. ನಾನು ಕೇಳುವ ಮೊದಲೇ ಉತ್ತರ ಬಂದದ್ದು ನನಗೆ ಸರಿ ಕಾಣಲಿಲ್ಲ.

ಇರಲಿ. ಅದೇ ಚಿತ್ರ ಈಗ ನಮ್ಮ ಟಾಕೀಜಿಗೆ ಬಂದಿದೆ. ನಿಮ್ಮಲ್ಲಿ ಒಂದು ವಾರ ಓಡಿದ ಅದೇ ಪ್ರಿಂಟು, ಅದೇ ತಗಡಿನ ಡಬ್ಬಿಗಳಲ್ಲಿ ಬಸ್ಸಿನ ಟಪ್ಪಿನ ಮೇಲೆ ಬಂದು ಇಳಿಯಿತು. ಹದಿನಾಲ್ಕರ ಶುಕ್ರವಾರದಿಂದ ತೋರಿಸುತ್ತಿದ್ದೇವೆ. ಇಂಥ ಚಿತ್ರಗಳ ಮೇಲೆ ನನಗೆ ಎಂಥ ಸಿಟ್ಟಿದೆ ಎಂದು ನಿನಗೆ ಗೊತ್ತು. ಹೋದ ವರ್ಷ ಬಂದದ್ದರಲ್ಲಿ ಹೀರೋ ತನ್ನ ಅಪ್ಪ ಕೊಟ್ಟ ಕೈಗಡಿಯಾರ ಕಟ್ಟಿಕೊಂಡು ಹಿಂದಿನ ಕಾಲಕ್ಕೆ ಹೋದ. ಅಲ್ಲಿ ಅಪ್ಪ ಇನ್ನೂ ಹುಡುಗ. ಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟು ಬಂದ. ಅದನ್ನೇ ಆ ಹುಡುಗ ದೊಡ್ಡವನಾಗಿ ಮಗನಿಗೆ ಕೊಡುತ್ತಾನಂತೆ. ಹಾಗಾದರೆ ಅದನ್ನು ಯಾವ ಅಂಗಡಿಯಲ್ಲಿ ಕೊಂಡರು, ಮಾಡಿದವರು ಯಾರು? ಮಂದಿ ಸಿಳ್ಳೆ ಹೊಡೆದರು, ಯಾರೂ ಇದನ್ನು ಕೇಳಲಿಲ್ಲ. ಕಥೆಯಲ್ಲಿ ತೂತು ಕಂಡರೆ ನನಗೆ ಊಟ ಸೇರುವುದಿಲ್ಲ.

ಈ ಹೊಸ ಚಿತ್ರದಲ್ಲಿ ತೂತು ಎಲ್ಲಿದೆ ಎಂದು ನಾನು ಹೇಳುವುದಿಲ್ಲ. ನೀನು ಭೌತಶಾಸ್ತ್ರ ಓದುವವಳು, ನೀನೇ ಹುಡುಕು. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ನೋಡಿದ ಕ್ರಮದಲ್ಲೇ ಬರೆದು ಕಳಿಸು.

ನಿನ್ನನ್ನು ಅಲ್ಲಿಗೆ ಕಳಿಸುವಾಗ ಒಂದೇ ಮಾತು ತೆಗೆದುಕೊಂಡಿದ್ದೆ. ಹಿಂಡಲಗಾ ಜೈಲಿನ ದಾರಿ ತುಳಿಯಬಾರದು ಎಂದು. ನಿನ್ನ ಅಣ್ಣ ಪ್ರತೀಕ ಟಿಕೆಟ್ ಖಿಡಕಿಯ ಜಗಳದಲ್ಲಿ, ಸಿನಿಮಾಕ್ಕೆ ಬಂದ ಬಂಡೆಪ್ಪನನ್ನು ಮೆಟ್ಟಿಲಿಂದ ದೂಡಿ ಜೀವ ತೆಗೆದ. ತಂದೆಯಾದ ನಾನೇ ಕೋರ್ಟಿನಲ್ಲಿ ನಿಂತು, ಕಣ್ಣಾರೆ ಕಂಡದ್ದನ್ನು ಹೇಳಿ ಬಂದೆ. ಏಳು ವರ್ಷ ಶಿಕ್ಷೆಯಾಯಿತು. ಅವನು ಇರುವ ಜೈಲು ನಿನ್ನ ಖೋಲಿಗೆ ಇಷ್ಟು ಹತ್ತಿರ ಎಂಬುದೇ ನನ್ನ ಅಂಜಿಕೆ. ಮಾತು ಮುರಿದದ್ದು ತಿಳಿದರೆ ಅಂದೇ ಕಾಲೇಜು ಮುಗಿಯಿತು ಎಂದು ತಿಳಿ.

ಪ್ರಮಿಳಾ ಬಾಯಿಯವರ ಮನೆಯಲ್ಲಿ ರಾತ್ರಿ ಎಂಟಕ್ಕೆ ಊಟವಂತೆ. ಅವರು ಮಾಡಲಿ. ನೀನು ಹೊತ್ತು ಮುಳುಗುವ ಮೊದಲೇ ಉಂಡು ನಿನ್ನ ತಟ್ಟೆ ತೊಳೆದಿಡು. ಮೂವತ್ತು ವರ್ಷ ಟಾಕೀಜಿನ ಮ್ಯಾನೇಜರ್ ಆಗಿದ್ದರೂ ಈ ನೇಮವನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಉತ್ತರದ ದಾರಿ ನೋಡುವ ನಿನ್ನ ತಂದೆ,
ತಾತ್ಯಾಸಾಹೇಬ


ಬೆಳಗಾವಿ
೬ ಆಗಸ್ಟ್ ೨೦೦೦

ಅಪ್ಪಾ, ನಿಮಗೂ ಅವ್ವನಿಗೂ ನಮಸ್ಕಾರ.

ಬರೆಯಲು ತಡವಾಯಿತು, ಟೆಸ್ಟ್ ಇತ್ತು. ನೀವು ಹೇಳಿದ ಹಾಗೆ ಸಿನಿಮಾದ ಕಥೆ ಬರೆಯುತ್ತಿದ್ದೇನೆ.

ಅಣ್ಣ ತಮ್ಮ ಇಬ್ಬರು. ಅಣ್ಣನಿಗೆ ಗಡಿಯಾರ ಮಾಡುವ ಕಾರ್ಖಾನೆ ಇದೆ. ಕೆಲಸಗಾರರು ಸಾಮಾನು ಕದಿಯುತ್ತಾರೆಂಬ ಸಂಶಯದಿಂದ ಅವನು ಒಂದು ದಿನ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕಿ ಹೋಗುತ್ತಾನೆ. ತಮ್ಮ ಒಳಗಿದ್ದದ್ದು ಅವನಿಗೆ ಗೊತ್ತಿಲ್ಲ. ಬೆಂಕಿ ಹತ್ತುತ್ತದೆ, ತಮ್ಮ ಸಾಯುತ್ತಾನೆ. ಅಣ್ಣ ಇಪ್ಪತ್ತು ವರ್ಷ ಕೂತು ಕಾಲದ ಯಂತ್ರ ಕಟ್ಟಿ ಹಿಂದಕ್ಕೆ ಹೊರಡುತ್ತಾನೆ. ಅಲ್ಲಿಗೆ ಇಂಟರ್ವಲ್.

ಇಂಟರ್ವಲ್ ಆದಮೇಲೆ ಅವನು ಮನೆಗೆ ಬರುತ್ತಾನೆ. ನೋಡಿದರೆ ತಮ್ಮ ಬದುಕಿದ್ದಾನೆ. ತಲೆ ಸ್ವಲ್ಪ ನೆರೆತಿದೆ, ಮೇಜಿನ ಮುಂದೆ ಕೂತು ಊಟ ಮಾಡುತ್ತಿದ್ದಾನೆ. ಅಣ್ಣ ಅವನನ್ನು ತಬ್ಬಿಕೊಂಡು ಅಳುತ್ತಾನೆ. ತಮ್ಮನಿಗೆ ಯಾಕೆ ಅಳುತ್ತಾನೆಂದೇ ತಿಳಿಯುವುದಿಲ್ಲ. ಆಮೇಲೆ ಪೊಲೀಸರು ಯಂತ್ರವನ್ನು ಹುಡುಕುತ್ತ ಬರುವುದು, ಓಡಾಟ, ಹೊಡೆದಾಟ. ಅದೆಲ್ಲ ಮುಗಿದ ಮೇಲೆ ಅಣ್ಣ ಬೆಂಕಿಯ ದಿನಕ್ಕೆ ಹೋಗಿ ಕೀಲಿ ತೆಗೆಯುತ್ತಾನೆ. ಕೊನೆಗೆ ಯಂತ್ರವನ್ನು ಒಡೆದು ಹಾಕುತ್ತಾನೆ.

ನನಗೆ ಕಂಡ ತೂತು ಇದು. ತಮ್ಮ ಆಗಲೇ ಬದುಕಿ ಊಟ ಮಾಡುತ್ತಿದ್ದರೆ, ಆಮೇಲೆ ಹೋಗಿ ಕೀಲಿ ತೆಗೆಯುವುದು ಯಾಕೆ? ಎರಡನೆಯದು ಇನ್ನೂ ದೊಡ್ಡದು. ಕೀಲಿ ತೆಗೆದರೆ ತಮ್ಮ ಸಾಯುವುದಿಲ್ಲ. ತಮ್ಮ ಸಾಯದಿದ್ದರೆ ಅಣ್ಣ ಯಂತ್ರ ಕಟ್ಟುವುದಿಲ್ಲ. ಯಂತ್ರವೇ ಇಲ್ಲದಿದ್ದರೆ ಕೀಲಿ ತೆಗೆದವರು ಯಾರು? ನಮ್ಮ ಸರ್ ಅವರನ್ನು ಕೇಳಿದೆ. ಇಂಥ ಗಂಟು ಬಿಚ್ಚುವುದಕ್ಕಾಗಿಯೇ ಕೆಲವರು ಜನ್ಮ ಕಳೆದಿದ್ದಾರೆ, ನೀನು ಮೊದಲು ಪರೀಕ್ಷೆ ಪಾಸಾಗು ಎಂದರು.

ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತು. ತಮ್ಮ ಬದುಕಿ ಬಂದಾಗ ಅಣ್ಣನಿಗೆ ಒಂದೂ ಕೆಟ್ಟ ಮಾತು ಆಡುವುದಿಲ್ಲ.

ಬರುವ ವಾರವೂ ಪ್ರಾಕ್ಟಿಕಲ್ ಇದೆ. ಅವ್ವ ಕಳಿಸಿದ ಚಕ್ಕುಲಿ ತಲುಪಿತು.

ನಿಮ್ಮ ಮಗಳು,
ತ್ರಿಶಲಾ


ಖಾನಾಪುರ
೯ ಆಗಸ್ಟ್ ೨೦೦೦

ತ್ರಿಶಲಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲನೆಯ ಸಲ ನಗು ಬಂತು. ನಾಲ್ಕನೆಯ ಸಲ ಆಫೀಸಿನ ಬಾಗಿಲು ಹಾಕಿಕೊಂಡು ಓದಿದೆ.

ಆ ಚಿತ್ರಕ್ಕೆ ಹದಿನಾಲ್ಕು ರೀಲು. ಎಂಟನೆಯ ರೀಲಿನಲ್ಲಿ ಅಣ್ಣ ಕೀಲಿ ತೆಗೆಯುತ್ತಾನೆ, ಹನ್ನೊಂದರಲ್ಲಿ ತಮ್ಮ ಊಟಕ್ಕೆ ಕೂತಿರುತ್ತಾನೆ. ಚಿತ್ರ ತೆಗೆದವರು ಅಷ್ಟು ದಡ್ಡರಲ್ಲ, ಕ್ರಮ ಸರಿಯಾಗಿಯೇ ಇಟ್ಟಿದ್ದಾರೆ. ನೀನು ಕಂಡುಹಿಡಿದ ಮೊದಲನೆಯ ತೂತು ಅವರದಲ್ಲ, ನಮ್ಮ ಆಪರೇಟರ್ ಕರೆಪ್ಪನದು. ಮಳೆಗೆ ಡಬ್ಬಿಗಳ ಮೇಲಿನ ನಂಬರುಗಳು ಅಳಿಸಿ ಹೋಗಿದ್ದವು. ನಮ್ಮ ಆಪರೇಟರ್ ಸಾಹೇಬರು ಅಂದಾಜಿನ ಮೇಲೆ ಎಂಟರ ಜಾಗದಲ್ಲಿ ಹನ್ನೊಂದನ್ನೂ ಹನ್ನೊಂದರ ಜಾಗದಲ್ಲಿ ಎಂಟನ್ನೂ ಏರಿಸಿದರು. ಶುಕ್ರವಾರ, ಶನಿವಾರ ಎರಡು ದಿನ ಹಾಗೆಯೇ ಓಡಿತು. ಒಬ್ಬನಾದರೂ ಎದ್ದು ಕೇಳಿದನೇ? ಇಲ್ಲ. ಕಾಲದ ಯಂತ್ರದ ಚಿತ್ರ, ಹೀಗೇ ಇರಬೇಕೆಂದು ಚಪ್ಪಾಳೆ ತಟ್ಟಿ ಹೋದರು. ಭಾನುವಾರ ನಾನು ನೋಡಿ ಸರಿ ಮಾಡಿಸಿದೆ. ಮಾಲಕರ ಕಿವಿಗೆ ಹೋಗಬಾರದೆಂದು ಯಾರಿಗೂ ಹೇಳಿಲ್ಲ, ನಿನಗೂ ಬರೆದಿರಲಿಲ್ಲ.

ನಿನ್ನೆ ಬೆಳಗಾವಿಯ ಟಾಕೀಜಿನವರಿಗೆ ಫೋನು ಮಾಡಿ ಕೇಳಿದೆ. ಅಲ್ಲಿ ಒಂದು ಆಟವೂ ತಪ್ಪಿಲ್ಲ. ಅಂದರೆ ಆ ಕ್ರಮದಲ್ಲಿ ಆ ಚಿತ್ರ ಓಡಿದ್ದು ಖಾನಾಪುರದಲ್ಲಿ, ಜುಲೈ ಹದಿನಾಲ್ಕು ಮತ್ತು ಹದಿನೈದು. ನೀನು ನೋಡಿದೆ ಎಂದದ್ದು ಬೆಳಗಾವಿಯಲ್ಲಿ, ಜುಲೈ ಎಂಟು. ಕರೆಪ್ಪ ಹದಿನಾಲ್ಕರಂದು ಮಾಡಲಿರುವ ತಪ್ಪನ್ನು ನೀನು ಎಂಟರಂದೇ ನೋಡಿಕೊಂಡು ಬಂದೆಯಾ? ಯಂತ್ರವೇನಾದರೂ ಹತ್ತಿದ್ದೆಯಾ?

ನೀನು ಆ ಚಿತ್ರ ನೋಡಿಲ್ಲ. ನೋಡಿದವರು ಯಾರೋ ನಿನಗೆ ಕಥೆ ಹೇಳಿದ್ದಾರೆ. ಅವರು ಆ ಎರಡು ದಿನಗಳಲ್ಲಿ ನನ್ನ ಗೇಟಿನಿಂದ ಒಳಗೆ ಹೋದವರು, ಖಾನಾಪುರದ ಕಡೆಯವರು. ಹೆಣ್ಣುಮಕ್ಕಳ ಸೀಟಿನಲ್ಲಿ ಆ ಎರಡು ದಿನ ಕೂತವರು ಬೆರಳೆಣಿಕೆಯಷ್ಟು, ಎಲ್ಲರ ಗುರುತೂ ನನಗಿದೆ, ಬೆಳಗಾವಿಗೆ ಹೋಗುವವರು ಒಬ್ಬರೂ ಇಲ್ಲ. ಆದ್ದರಿಂದ ಗಂಡಸು. ನಮ್ಮೂರ ಕಡೆಯ ಗಂಡಸೊಬ್ಬ ಶನಿವಾರ ಶನಿವಾರ ನಿನ್ನನ್ನು ಕಾಣುತ್ತಾನೆ, ಕೂತು ನಿನಗೆ ಸಿನಿಮಾದ ಕಥೆ ಹೇಳುವಷ್ಟು ಸಲಿಗೆ ಇದೆ. ಈಗ ಟಾಕೀಜಿಗೆ ಬರುವ ಪ್ರತಿಯೊಬ್ಬ ಹುಡುಗನ ಮುಖವನ್ನೂ ನೋಡುತ್ತಿದ್ದೇನೆ. ಇವನೋ, ಅವನೋ ಎಂದು. ನನ್ನ ಸ್ಥಿತಿಯನ್ನು ನೀನು ಹೀಗೆ ಮಾಡಿದೆ.

ಅವನ ಹೆಸರು ಬರಿ. ಈ ತಿಂಗಳ ಇಪ್ಪತ್ತಾರಕ್ಕೆ ನಾನು ಬರುತ್ತೇನೆ. ಹೆಸರು ಬಂದಿರದಿದ್ದರೆ ನಿನ್ನ ಸಾಮಾನು ಕಟ್ಟಿಕೊಂಡೇ ಹಿಂದಿರುಗುತ್ತೇನೆ.

ನಿನ್ನ ತಂದೆ,
ತಾತ್ಯಾಸಾಹೇಬ


ಬೆಳಗಾವಿ
೨೦ ಆಗಸ್ಟ್ ೨೦೦೦

ಅಪ್ಪಾ,

ಹೆಸರು ಕೇಳಿದ್ದಿರಿ. ಕಥೆಯನ್ನು ನೋಡಿದವನ ಹೆಸರು ಗುರುಸಿದ್ದ. ನನಗೆ ಹೇಳಿದವನ ಹೆಸರು ಪ್ರತೀಕ.

ಫೆಬ್ರುವರಿಯಿಂದ ನಾನು ದಾದಾನನ್ನು ಕಾಣಲು ಹಿಂಡಲಗಾಕ್ಕೆ ಹೋಗುತ್ತಿದ್ದೇನೆ. ನಿಮಗೆ ಕೊಟ್ಟ ಮಾತು ಮುರಿದಿದ್ದೇನೆ, ಅದಕ್ಕೆ ಸಬೂಬು ಹೇಳುವುದಿಲ್ಲ. ಜುಲೈ ಎಂಟರಂದು ಅಲ್ಲಿ ಸಾಲು ದೊಡ್ಡದಿತ್ತು, ಮನೆಗೆ ಬರುವಷ್ಟರಲ್ಲಿ ನಾಲ್ಕಾಯಿತು. ನೀವು ಫೋನು ಮಾಡಿದ್ದಿರೆಂದು ಪ್ರಮಿಳಾ ಬಾಯಿ ಹೇಳಿದ ಕೂಡಲೇ ಗಾಬರಿಯಾಗಿ ಆ ಕಾರ್ಡು ಬರೆದೆ. ನೀವು ಕಥೆ ಕೇಳುತ್ತೀರೆಂದು ನನಗೇನು ಗೊತ್ತು? ಚಿತ್ರ ಅಷ್ಟರಲ್ಲಿ ಇಲ್ಲಿಂದ ಹೋಗಿಬಿಟ್ಟಿತ್ತು. ಆಗಸ್ಟ್ ಐದರಂದು ದಾದಾನಿಗೆ ಇದನ್ನು ಹೇಳಿ ಅತ್ತೆ. ಅವನು, ಅಷ್ಟೇ ಏನು, ಆ ಚಿತ್ರ ನಮ್ಮ ಬರಾಕಿನಲ್ಲಿ ಎಲ್ಲರಿಗೂ ಬಾಯಿಪಾಠ ಎಂದ. ಗುರುಸಿದ್ದ ಎಂಬಾತ ಪರೋಲಿನ ಮೇಲೆ ಖಾನಾಪುರದ ಹತ್ತಿರದ ತನ್ನ ಊರಿಗೆ ಬಂದಿದ್ದನಂತೆ. ಹಿಂದಿರುಗುವ ಮುನ್ನಾದಿನ ನಿಮ್ಮ ಟಾಕೀಜಿನಲ್ಲಿ ಕೂತು ನೋಡಿ, ಒಳಗೆ ಬಂದು ಎಲ್ಲರಿಗೂ ಕಥೆ ಹೇಳಿದ್ದಾನೆ.

ನಿನ್ನೆ ನಿಮ್ಮ ಪತ್ರದ ಮಾತು ದಾದಾನಿಗೆ ಹೇಳಿದೆ. ಅವನು ನಕ್ಕ. ಗುರುಸಿದ್ದ ಹೇಳುವಾಗಲೇ ಅವನಿಗೆ ತಿಳಿದಿತ್ತಂತೆ, ರೀಲು ಅದಲು ಬದಲಾಗಿದೆ ಎಂದು. ಹತ್ತು ವರ್ಷದವನಿದ್ದಾಗಿನಿಂದ ಆಪರೇಟರ್ ಖೋಲಿಯಲ್ಲಿ ಬೆಳೆದವನು. ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದೆ.

'ಅಪ್ಪ ಹಿಡೀತಾರಂತ ಗೊತ್ತಿತ್ತು. ಹಿಡೀಲಿ ಅಂತನ ಬಿಟ್ಟೆ. ಹೆಂಗರ ಮಾಡಿ ನಾ ಇಲ್ಲಿ ಅದೇನಿ ಅಂತ ಅವರಿಗೆ ಗೊತ್ತಾಗಬೇಕಲ್ಲ' ಎಂದ.

ಅಪ್ಪಾ, ಅವನ ತಲೆಯಲ್ಲಿ ಬಿಳಿ ಕೂದಲು ಬಂದಿವೆ. ಅವನಿಗೆ ಇಪ್ಪತ್ತಾರು. ಅಲ್ಲಿ ಸಂಜೆ ಊಟ ಬೇಗ ಕೊಡುತ್ತಾರಂತೆ, ನೇಮ ಒಂದು ದಿನವೂ ತಪ್ಪಿಲ್ಲ ಎಂದು ಅಪ್ಪನಿಗೆ ಹೇಳು ಎಂದಿದ್ದಾನೆ. ನಾನು ಹೇಳುವುದಾದರೂ ಹೇಗೆ ಎಂದು ಇಷ್ಟು ದಿನ ಸುಮ್ಮನಿದ್ದೆ.

ಇನ್ನೊಂದು ಮಾತು ಇದೆ. ಬರೆಯಲೋ ಬೇಡವೋ ಎಂದು ಹತ್ತು ದಿನ ಕೂತೆ. ಆದರೆ ಕಥೆಯಲ್ಲಿ ತೂತು ಹುಡುಕುವುದನ್ನು ನನಗೆ ಕಲಿಸಿದವರು ನೀವೇ.

ದಾದಾನ ವಕೀಲರು ಬೆಳಗಾವಿಯಲ್ಲೇ ಇದ್ದಾರೆ. ಅವರ ಹತ್ತಿರ ತೀರ್ಪಿನ ಪ್ರತಿ ಇತ್ತು, ಕೇಳಿ ಓದಿದೆ. ಆ ಪ್ರಕರಣವಾದಾಗ ನನಗೆ ಹದಿನಾರು, ನನ್ನನ್ನು ಕೋರ್ಟಿನ ಹತ್ತಿರವೂ ಬಿಟ್ಟಿರಲಿಲ್ಲ. ಅದರಲ್ಲಿ ಹೀಗಿದೆ: ೧೯೯೬ ನವೆಂಬರ್ ಹನ್ನೊಂದು, ದೀಪಾವಳಿಯ ಮರುದಿನ, ಸಂಜೆ ಐದೂಮುಕ್ಕಾಲು. ಟಾಕೀಜಿನ ಮ್ಯಾನೇಜರರು ಗೇಟಿನಲ್ಲಿ ನಿಂತಿದ್ದಾಗಿಯೂ, ತಮ್ಮ ಮಗ ಎರಡೂ ಕೈಗಳಿಂದ ಬಂಡೆಪ್ಪನನ್ನು ದೂಡಿದ್ದನ್ನು ಕಂಡದ್ದಾಗಿಯೂ ಹೇಳುತ್ತಾರೆ. ಎರಡೂ ಕೈ ಎಂಬ ಮಾತನ್ನು ಜಡ್ಜ್ ಸಾಹೇಬರು ಮೂರು ಕಡೆ ಬರೆದಿದ್ದಾರೆ. ತಡೆಯಲು ಹೋಗಿ ಕೈ ತಾಗಿತು ಎಂಬ ದಾದಾನ ಮಾತನ್ನು ಅವರು ನಂಬದಿದ್ದದ್ದು ಅದೊಂದರಿಂದಲೇ.

ನವೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಆ ಐದೂಮುಕ್ಕಾಲಿಗೆ ನೀವು ಎಲ್ಲಿದ್ದಿರಿ, ಅಪ್ಪಾ? ಗೇಟಿನಲ್ಲೋ, ತಟ್ಟೆಯ ಮುಂದೋ? ಒಬ್ಬರೇ ಮನುಷ್ಯರು ಎರಡೂ ಕಡೆ ಇರಲು ಬರುವುದಿಲ್ಲ.

ದಾದಾನನ್ನು ಕೇಳಿದೆ. ಅವನ ಮುಖ ಕಪ್ಪಾಯಿತು. 'ಆ ಮಾತು ಬ್ಯಾಡ' ಎಂದು ಭೇಟಿಯ ಹೊತ್ತು ಮುಗಿಯುವ ಮೊದಲೇ ಎದ್ದು ಹೋದ.

ತ್ರಿಶಲಾ


ಖಾನಾಪುರ
೨೩ ಆಗಸ್ಟ್ ೨೦೦೦

ತ್ರಿಶಲಾ,

ಕೊಲೆಗಾರನ ಬಾಜು ಕೂತು ಬ್ಯಾಟರಿ ಹಿಡಿದು ಅಪ್ಪನ ಊಟದ ತಟ್ಟೆ ಹುಡುಕುತ್ತೀಯಲ್ಲ, ಇದೇನು ನಿನ್ನ ಭೌತಶಾಸ್ತ್ರ? ಈ ಊರಿನಲ್ಲಿ ಈಗಲೂ ಮಂದಿ ನನ್ನನ್ನು ತೋರಿಸಿ, ಮಗನಿಗೂ ಮುಲಾಜು ನೋಡದೆ ಖರೇ ಹೇಳಿದ ಮನುಷ್ಯ ಎನ್ನುತ್ತಾರೆ. ಪೇಟೆಯಲ್ಲಿ ಎದುರಿಗೆ ಬಂದವರು ದಾರಿ ಬಿಡುತ್ತಾರೆ. ಅಷ್ಟು ಸಂಪಾದಿಸಲು ನಾನು ಏನು ಕಳೆದುಕೊಂಡೆ ಎಂದು ನಿನಗೆ ಗೊತ್ತಿಲ್ಲ.

ಆ ದಿನ ನನ್ನ ಉಪವಾಸವಿತ್ತು. ಹಬ್ಬದ ಉಪವಾಸ. ಆದ್ದರಿಂದ ಮನೆಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಗೇಟಿನಲ್ಲೇ ಇದ್ದೆ. ತೂತು ಮುಚ್ಚಿತೇ?

ನಿನಗೆ ಈ ಸಂಶಯ ತುಂಬಿದವನು ಅವನೇ. ಅವನ ಮಾತು ನಂಬಿ ನನಗೆ ಬರೆಯಬೇಡ. ಇಪ್ಪತ್ತಾರಕ್ಕೆ ಬರುವುದಿಲ್ಲ, ಹೊಸ ಚಿತ್ರ ಬರುವುದಿದೆ. ಆಮೇಲೆ ಬಂದು ನಿನ್ನ ವಿಚಾರ ಮಾಡುತ್ತೇನೆ.

ತಾತ್ಯಾಸಾಹೇಬ


ಬೆಳಗಾವಿ
೩ ಸೆಪ್ಟೆಂಬರ್ ೨೦೦೦

ಅಪ್ಪಾ,

ಮೊನ್ನೆ ಚೌತಿಯ ದಿನ ನಾನು ಊರಿಗೆ ಬಂದಿದ್ದೆ. ನೀವು ಟಾಕೀಜಿನಲ್ಲಿ ಇದ್ದಿರಿ. ನಾನು ಬಂದದ್ದನ್ನು ಹೇಳಬೇಡ ಎಂದು ಅವ್ವನಿಗೆ ಹೇಳಿದ್ದೆ. ಈಗ ನಾನೇ ಹೇಳುತ್ತಿದ್ದೇನೆ.

ಅವ್ವ ಕಡಲೆಬೇಳೆ ಆರಿಸುತ್ತಿದ್ದಳು. ಆ ದೀಪಾವಳಿಯ ಮರುದಿನ ಅಪ್ಪನದು ಉಪವಾಸವಿತ್ತೇನು ಎಂದು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು:

'ಯಾರ ಉಪವಾಸ? ಹೋಳಿಗಿ ಮಾಡಿದ್ನಿ. ಐದೂವರೀಗೆ ಬಂದು ಎರಡು ತಿಂದ್ರು, ಮತ್ತೊಂದೀಟು ತುಪ್ಪ ಹಾಕಸ್ಕೊಂಡ್ರು. ಕೈ ತೊಳಿಯೂ ಹೊತ್ತಿಗೆ ಹೊರಗ ಓಣ್ಯಾಗ ಮಂದಿ ಒದರ್ಕೋತ ಓಡಿದ್ರು, ಹಿಂಗಾತು ಅಂತ.'

ಇದನ್ನು ನಾಲ್ಕು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಬೇಳೆ ಆರಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. 'ನನಗ ಯಾರು ಕೇಳಿದ್ರು? ಪೊಲೀಸರು ಕೇಳಲಿಲ್ಲ, ವಕೀಲರು ಕೇಳಲಿಲ್ಲ. ಕೋರ್ಟಿನ್ಯಾಗ ಇವರು ಏನ ಹೇಳಿ ಬಂದ್ರಂತ ಇವರೂ ನನಗ ಹೇಳಲಿಲ್ಲ' ಎಂದಳು. ನೀವು ಗೇಟಿನಲ್ಲಿ ನಿಂತು ನೋಡಿದ್ದಾಗಿ ಸಾಕ್ಷಿ ಹೇಳಿದ್ದು ಅವ್ವನಿಗೆ ತಿಳಿದದ್ದು ಮೊನ್ನೆ, ನನ್ನ ಬಾಯಿಂದ. ಎದ್ದು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ನಿನ್ನೆ ದಾದಾನನ್ನು ಬಿಡದೆ ಕೇಳಿದೆ. ಕೊನೆಗೆ ಬಾಯಿ ಬಿಟ್ಟ. ನೀವು ಸೈಕಲ್ ಹತ್ತಿ ಮನೆಯ ಕಡೆ ಹೋದದ್ದನ್ನು ಟಿಕೆಟ್ ಖಿಡಕಿಯಿಂದ ಅವನೇ ನೋಡಿದ್ದಾನೆ. ಅವನ ಎಡಗೈಯಲ್ಲಿ ಟಿಕೆಟ್ ಪುಸ್ತಕವಿತ್ತಂತೆ. ಬಂಡೆಪ್ಪ ಕುಡಿದು ಹೆಣ್ಣುಮಕ್ಕಳ ಸಾಲಿನಲ್ಲಿ ನುಗ್ಗಿದಾಗ ಹೊರಗೆ ಬಂದು ಬಲಗೈ ಅಡ್ಡ ಹಿಡಿದ. ದೂಡಿದೆನೋ ತಡೆದೆನೋ ನನಗೇ ತಿಳಿಯದು, ಆದರೆ ಎರಡು ಕೈ ಅಲ್ಲ ಎನ್ನುತ್ತಾನೆ. ಇದನ್ನು ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಅಪ್ಪ ಅಲ್ಲಿ ಇರಲೇ ಇಲ್ಲ ಎಂದು ನಾನು ಹೇಳಬೇಕಾಗುತ್ತಿತ್ತು ಎಂದ. ನಿಮ್ಮನ್ನು ಏನೂ ಕೇಳಬಾರದೆಂದು ವಕೀಲರ ಕೈಕಾಲು ಹಿಡಿದಿದ್ದನಂತೆ.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ, ಈ ಪತ್ರವನ್ನು ಅಪ್ಪಾ ಎಂದು ಶುರು ಮಾಡಲು ಎರಡು ದಿನ ಹಿಡಿಯಿತು. ದಶಲಕ್ಷಣ ಪರ್ವ ಶುರುವಾಗಿದೆ. ಮುಗಿದ ಮೇಲೆ ಕ್ಷಮಾವಣಿಯ ದಿನ ಪ್ರತಿವರ್ಷದ ಹಾಗೆ ನೀವು ಪರಿಚಯದ ಎಲ್ಲ ಮನೆಗಳಿಗೂ ಕಾರ್ಡು ಬರೆಯುತ್ತೀರಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಕ್ಷಮಿಸಿರಿ ಎಂದು. ಈ ವರ್ಷ ನನಗೆ ಕಳಿಸಬೇಡಿರಿ.

ಟ್ರಂಕು ಕಟ್ಟಿಟ್ಟಿದ್ದೇನೆ. ಕಾಲೇಜು ಬಿಡಿಸುವುದಿದ್ದರೆ ಬಂದು ಕರೆದುಕೊಂಡು ಹೋಗಿರಿ.

ತ್ರಿಶಲಾ


ಖಾನಾಪುರ
೧೪ ಸೆಪ್ಟೆಂಬರ್ ೨೦೦೦, ಕ್ಷಮಾವಣಿ

ಪ್ರತೀಕ,

ನಾಲ್ಕು ವರ್ಷವಾಯಿತು ನಿನಗೆ ಒಂದು ಸಾಲೂ ಬರೆಯದೆ.

ಈ ಪತ್ರ ನಿನ್ನ ಕೈ ಸೇರುವ ಮೊದಲು ಅಲ್ಲಿಯ ಸಾಹೇಬರು ಒಡೆದು ಓದುತ್ತಾರೆಂದು ನನಗೆ ಗೊತ್ತಿದೆ. ಓದಲಿ. ಗೊತ್ತಿದ್ದೇ ಬರೆಯುತ್ತಿದ್ದೇನೆ.

೧೯೯೬ ನವೆಂಬರ್ ಹನ್ನೊಂದರ ಸಂಜೆ ಐದೂಮುಕ್ಕಾಲಿಗೆ ನಾನು ಟಾಕೀಜಿನ ಗೇಟಿನಲ್ಲಿ ಇರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನೀನು ಬಂಡೆಪ್ಪನನ್ನು ದೂಡಿದ್ದನ್ನು ನಾನು ನೋಡಲಿಲ್ಲ.

ಟಿಕೆಟ್ ಕೊಡುವ ಹೊತ್ತಿನಲ್ಲಿ ಮ್ಯಾನೇಜರ್ ಗೇಟು ಬಿಡಬಾರದು ಎಂದು ಮಾಲಕರ ಕಟ್ಟಪ್ಪಣೆ. ಚಳಿಗಾಲದಲ್ಲಿ ನಾನು ದಿನಾ ಬಿಡುತ್ತಿದ್ದೆ. ಅವರಿಗೆ ಗೊತ್ತಿರಲಿಲ್ಲ. ಪೊಲೀಸರು ಬಂದಾಗ ಮಾಲಕರು ಬಾಜು ನಿಂತಿದ್ದರು. ನೀವು ಎಲ್ಲಿದ್ದಿರಿ ಎಂದು ಕೇಳಿದರು. ಇಲ್ಲೇ ಇದ್ದೆ ಎಂದೆ. ನೌಕರಿಯ ಅಂಜಿಕೆಗೆ ಬಂದ ಒಂದೇ ಮಾತು ಅದು. ಇಲ್ಲೇ ಇದ್ದೆ ಎಂದ ಮೇಲೆ, ಏನು ನೋಡಿದಿರಿ ಎಂದು ಕೇಳುತ್ತಾರಲ್ಲ. ಕರೆಪ್ಪ ನನಗೆ ಹೇಳಿದ್ದನ್ನೇ ಹೇಳಿದೆ, ಎರಡೂ ಕೈಯಿಂದ ದೂಡಿದ ಎಂದು. ಕೋರ್ಟಿನಲ್ಲಿ ಅದನ್ನೇ ಪ್ರಮಾಣ ಮಾಡಿ ಹೇಳಿದೆ. ಮಗನೆಂದು ಮುಲಾಜು ಮಾಡಲಿಲ್ಲ ಎಂದು ಮಂದಿ ಹೊಗಳಿದರು. ಆ ಹೊಗಳಿಕೆ ನನಗೆ ರುಚಿ ಹತ್ತಿತು. ನಿನ್ನನ್ನು ನೋಡಲು ಬರದೆ ಇದ್ದದ್ದು ಸಿಟ್ಟಿನಿಂದಲ್ಲ. ನಾನು ಸೈಕಲ್ ಹತ್ತಿದಾಗ ನೀನು ಖಿಡಕಿಯಲ್ಲಿ ಇದ್ದೆ ಎಂದು ನನಗೆ ನೆನಪಿತ್ತು.

ನಿನ್ನ ತಂಗಿಯ ಪತ್ರ ಬಂದ ಮೇಲೆ ಕರೆಪ್ಪನನ್ನು ಕೂರಿಸಿಕೊಂಡು ಕೇಳಿದೆ, ಎರಡೂ ಕೈ ಎಂದು ನಿನಗೆ ಹೇಳಿದವರು ಯಾರು ಎಂದು. ಅವನು ಕಣ್ಣು ಬಿಟ್ಟು ನೋಡಿದ.

'ನೀವ ಹೇಳಿದ್ರಲ್ರಿ ಮ್ಯಾನೇಜರ್ ಸಾಹೇಬ್ರ. ನಾ ಎಲ್ಲಿ ನೋಡಿದ್ನಿರಿ, ಮಷೀನ್ ಬಿಟ್ಟು ಕೆಳಗ ಇಳಿದಾವನ ಅಲ್ಲ' ಎಂದ.

ನಾನು ಅವನಿಂದ ಕೇಳಿದೆ, ಅವನು ನನ್ನಿಂದ ಕೇಳಿದನಂತೆ. ಮೊದಲು ಹೇಳಿದವರು ಯಾರು ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನೋಡಿದವರಂತೂ ಒಬ್ಬರೂ ಇಲ್ಲ. ಯಾರೂ ನೋಡದ ಆ ಎರಡು ಕೈಗಳಿಗಾಗಿ ನಿನ್ನ ವಯಸ್ಸು ಅಲ್ಲಿ ಹೋಗುತ್ತಿದೆ. ಜಗತ್ತಿನ ಸಿನಿಮಾಗಳಲ್ಲಿ ತಪ್ಪು ಹಿಡಿಯುತ್ತ ಕೂತ ನನಗೆ ನನ್ನ ಮಾತಿನಲ್ಲೇ ಇದು ಕಾಣಲಿಲ್ಲ. ಕಂಡಿತ್ತು, ಪ್ರತೀಕ. ಕಂಡೂ ಕಣ್ಣು ತಿರುಗಿಸಿದೆ.

ನಿನ್ನ ಅವ್ವ ಎರಡು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಟ್ಟು ಎದ್ದು ಹೋಗುತ್ತಾಳೆ. ಈ ವರ್ಷ ಯಾರಿಗೂ ಕ್ಷಮಾವಣಿಯ ಕಾರ್ಡು ಬರೆಯಲಿಲ್ಲ. ಇದೊಂದನ್ನೇ ಬರೆಯುತ್ತಿದ್ದೇನೆ. ತಿಳಿದೋ ತಿಳಿಯದೆಯೋ ಎಂದು ಬರೆಯುವ ಹಾಗಿಲ್ಲ. ತಿಳಿದೇ ಮಾಡಿದೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಭೇಟಿಯ ದಿನ ಬರಲೇ? ನೀನು ಹೇಳಿದರೆ ಬರುತ್ತೇನೆ.

ತಾತ್ಯಾಸಾಹೇಬ


ಹಿಂಡಲಗಾ
೨೫ ಸೆಪ್ಟೆಂಬರ್ ೨೦೦೦

ಅಪ್ಪಾ, ನಮಸ್ಕಾರ.

ನಿಮ್ಮ ಪತ್ರ ನನಗೆ ಬರಾಕಿನಲ್ಲಿ ಸಿಗಲಿಲ್ಲ. ಸಾಹೇಬರು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಅದು ಬಿಚ್ಚಿಟ್ಟಿತ್ತು. ಓದಲು ಕೊಟ್ಟರು. ನಿಂತುಕೊಂಡೇ ಓದಿದೆ. ಕಣ್ಣು ಮಂಜಾಗಿ ಎರಡು ಕಡೆ ಸಾಲು ತಪ್ಪಿತು.

ನಿಮ್ಮ ಮೇಲೆ ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಇತ್ತು. ಮೊದಲ ವರ್ಷ ಭೇಟಿಗೆ ಹೆಸರು ಕೂಗಿದಾಗಲೆಲ್ಲ ನೀವು ಬಂದಿದ್ದೀರೆಂದು ಎದ್ದು ನಿಲ್ಲುತ್ತಿದ್ದೆ. ಆಮೇಲೆ ನಿಲ್ಲುವುದನ್ನು ಬಿಟ್ಟೆ. ಆದರೂ ನೀವು ಸುಳ್ಳು ಹೇಳಿದಿರಿ ಎಂದು ಯಾರ ಮುಂದೆಯೂ ಹೇಳಲು ನನಗೆ ಬಾಯಿ ಬರಲಿಲ್ಲ. ಹೊರಗೆ ನೀವು ತಲೆ ಎತ್ತಿ ನಡೆಯುತ್ತಿದ್ದರೆ, ನಾನು ಇಲ್ಲಿರುವುದಕ್ಕೆ ಅಷ್ಟಾದರೂ ಅರ್ಥ ಇರಲಿ ಎಂದುಕೊಂಡಿದ್ದೆ.

ಓದಿ ಮುಗಿಸಿದ ಮೇಲೆ ಸಾಹೇಬರು ಕೇಳಿದರು. 'ಇದು ಖರೇನ ನಿಮ್ಮ ಅಪ್ಪನ ಅಕ್ಷರ ಐತೇನು? ಬ್ಯಾರೆ ಯಾರರ ಬರದು ಹಾಕ್ಯಾರೇನು? ವಿಚಾರ ಮಾಡಿ ಹೇಳು.'

ಅಲ್ಲ ಎಂದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಯಾರೋ ಕಿಡಿಗೇಡಿ ಬರೆದದ್ದು ಎಂದು ಹರಿದು ಹಾಕುತ್ತಿದ್ದರು. ನೀವು ಮೊದಲಿನ ಹಾಗೆಯೇ ಪೇಟೆಯಲ್ಲಿ ನಡೆಯುತ್ತಿದ್ದಿರಿ. ಹೌದು ಎಂದರೆ ವಕೀಲರು, ಮತ್ತೆ ಕೋರ್ಟು, ನಿಮ್ಮ ನೌಕರಿ ಹೋಗುವುದು, ಸುಳ್ಳು ಸಾಕ್ಷಿಯ ಕೇಸು ನಿಮ್ಮ ಮೇಲೆಯೇ ಬರುವುದು, ಎಲ್ಲ ನನಗೆ ಗೊತ್ತಿತ್ತು. ಸಾಹೇಬರಿಗೂ ಗೊತ್ತಿತ್ತು. ಅದಕ್ಕೇ ಅವರು ಅವಸರ ಮಾಡಲಿಲ್ಲ, ಗೋಡೆಯ ಕಡೆ ನೋಡುತ್ತ ಕೂತರು. ನಾನು ಪತ್ರವನ್ನು ಮತ್ತೆ ಮೇಜಿನ ಮೇಲೆ ಇಟ್ಟೆ.

'ಹೌದ್ರಿ ಸಾಹೇಬ್ರ, ನಮ್ಮ ಅಪ್ಪಂದ' ಎಂದೆ.

ಅವರು ಅದನ್ನು ಬರೆದುಕೊಂಡರು. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

ಅಪ್ಪಾ, ನಾನು ನಿಮ್ಮ ಮೇಲೆ ಸಾಕ್ಷಿ ಹೇಳಿದ್ದೇನೆ. ಶನಿವಾರ ಬರ್ರಿ.

ನಿಮ್ಮ ಮಗ,
ಪ್ರತೀಕ